ಅಕ್ಕಿ ಬಾರದ ಸಾವುಗಳು

ವಾತುಜೆನಾರ್
20 ಮಾರ್ಚ್ 1995

ಮಗು ವಿದಗ್ದೊ,

ಈ ಸಲ ಉಪವಾಸದ ತಿಂಗಳು ಮುಗಿದ ಲೆಬಾರನ್ ಹಬ್ಬಕ್ಕೆ ನೀನು ಊರಿಗೆ ಬರಲಿಲ್ಲ. ನಿನ್ನ ಹೆಂಡತಿ ಲಸ್ತ್ರಿಗೆ ಏಳು ತಿಂಗಳಾಗಿದೆ ಎಂದು ನಿನ್ನ ಚಿಕ್ಕಮ್ಮ ಸಂತೆಯಲ್ಲಿ ಸಿಕ್ಕಾಗ ಹೇಳಿದರು. ಆ ಸ್ಥಿತಿಯಲ್ಲಿ ಅವಳು ಆರು ಗಂಟೆ ಬಸ್ಸಿನಲ್ಲಿ ಕೂರುವುದು ಬೇಡ. ಹಬ್ಬದ ಕ್ಷಮೆಯನ್ನು ಕಾಗದದಲ್ಲೂ ಕೇಳಬಹುದು. ಹಿರಿಯಳಾದರೂ ನಾನೇ ಮೊದಲು ಕೇಳುತ್ತೇನೆ. ತಿಳಿದು ಮಾಡಿದ, ತಿಳಿಯದೆ ಮಾಡಿದ ತಪ್ಪುಗಳನ್ನು ಮನ್ನಿಸು. ಐದನೇ ತರಗತಿಯಲ್ಲಿ ನಿನ್ನ ಬೆರಳ ಗೆಣ್ಣಿಗೆ ಹೊಡೆದದ್ದೂ ಅದರಲ್ಲಿ ಸೇರಿದೆ. ನಿನ್ನ ಅಕ್ಷರ ದುಂಡಗಾದದ್ದು ಆ ಹೊಡೆತದಿಂದಲೇ ಎಂದು ಈಗಲೂ ನಂಬಿದ್ದೇನೆ.

ಇನ್ನೊಂದು ವಿಷಯ. ನೀನು ಕೆಲಸ ಮಾಡುವ ಪಾಯುಂಗ್ ಕಾಸಿಹ್ ಪ್ರತಿಷ್ಠಾನದವರು ಕಳೆದ ವಾರ ನಮ್ಮ ಹಳ್ಳಿಯ ಕಚೇರಿಗೆ ಬಂದಿದ್ದರು. ದಾನ ಕೊಡುವ ವಿದೇಶದವರೂ ಇಬ್ಬರಿದ್ದರು, ಕ್ಯಾಮೆರಾ ಇತ್ತು. ಬಡವರು ಸತ್ತರೆ ಮನೆಯವರಿಗೆ ನೀವು ಮತ್ತು ಸರ್ಕಾರ ಸೇರಿ ಕೊಡುವ ಸಾವಿನ ನೆರವಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಸಂಜೆ ಅತಿಥಿಗಳ ಕಾರು ಹೋದ ಮೇಲೆ ತೆಗೆದರು. ಅಷ್ಟರಲ್ಲಿ ನಾನು ಓದಿದ್ದೆ. ಗೋಡೆಯ ಮೇಲೆ ಏನಿದ್ದರೂ ಓದುವುದು ಮೂವತ್ತು ವರ್ಷ ಪಾಠ ಹೇಳಿದವರ ಚಟ.

ಒಂದು ವರ್ಷದಲ್ಲಿ ನಮ್ಮ ಹಳ್ಳಿಯಲ್ಲಿ ಹದಿನೇಳು ಜನ ಸತ್ತಿದ್ದಾರೆಂದು ಅದರಲ್ಲಿದೆ. ಸಾವಿನ ಮನೆಯ ಒಲೆಯ ಮುಂದೆ ಇಪ್ಪತ್ತೆರಡು ವರ್ಷದಿಂದ ನಾನೇ ಅಕ್ಕಿ ಅಳೆಯುವವಳು, ನಿನಗೆ ಗೊತ್ತು. ಯಾರು ಸತ್ತರೂ ಹೆಂಗಸರು ಬಟ್ಟಲಲ್ಲಿ ಅಕ್ಕಿ ತರುತ್ತಾರೆ, ಏಳು ದಿನ ಬೇಯಿಸುತ್ತೇವೆ. ಯಾರ ಮನೆಯಿಂದ ಎಷ್ಟು ಬಟ್ಟಲು ಬಂತೆಂದು ಶಾಲೆಯ ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಅವರ ಮನೆಯಲ್ಲಿ ಸಾವಾದಾಗ ಅಷ್ಟೇ ಹಿಂದಿರುಗಬೇಕಲ್ಲ. ಆ ಪುಸ್ತಕದ ಪ್ರಕಾರ ಆ ಒಂದು ವರ್ಷದಲ್ಲಿ ಸತ್ತವರು ಆರು ಜನ. ಉಳಿದ ಹನ್ನೊಂದು ಸಾವಿಗೆ ಅಕ್ಕಿ ಬಂದಿಲ್ಲ.

ಆ ಹನ್ನೊಂದರಲ್ಲಿ ನಮ್ಮ ಕರ್ಸಿ ಅಜ್ಜಿಯ ಹೆಸರೂ ಇದೆ. ಅವಳು ನನ್ನ ಬೇಲಿಯ ಆಚೆಯೇ ಕುಳಿತು ಕಡಲೆ ಸುಲಿಯುತ್ತಿದ್ದಳು. ಹೋಗಿ ಹೇಳಿದೆ.

"ಯಾವಾಗ ಸತ್ತೆನಂತೆ?" ಎಂದಳು.

"ನವೆಂಬರಲ್ಲಿ."

"ಅದಕ್ಕೇ ಇರಬೇಕು, ಆವಾಗಿಂದ ನನ್ನ ಕೋಳಿ ಮೊಟ್ಟೆ ಇಡ್ತಿಲ್ಲ. ಪಾಪ, ಅದಕ್ಕೆ ಸುದ್ದಿ ಮುಟ್ಟಿದೆ."

ನಕ್ಕೆವು. ಯಾರೋ ನಕಲು ಮಾಡುವಾಗ ತಪ್ಪಿದ್ದಾರೆಂದು ತೋರುತ್ತದೆ. ನಿನ್ನ ಕೈಯಳತೆಯಲ್ಲಿದ್ದರೆ ಸರಿಪಡಿಸು.

ನಿನ್ನ ಬು ಗುರು,
ವುರ್ಯಾನಿ


ಸೆಮರಾಂಗ್
4 ಏಪ್ರಿಲ್ 1995

ಪೂಜ್ಯ ಬು ಗುರು ಅವರಿಗೆ,

ನೀವು ಮೊದಲು ಕ್ಷಮೆ ಕೇಳಿ ನನ್ನನ್ನು ನಾಚಿಸಿದಿರಿ. ನನ್ನ ತಪ್ಪುಗಳ ಪಟ್ಟಿ ಬಹಳ ಉದ್ದ, ಅಂಚೆ ವೆಚ್ಚ ಹೆಚ್ಚಾದೀತೆಂದು ಒಟ್ಟಾಗಿ ಕೇಳುತ್ತಿದ್ದೇನೆ. ಲಸ್ತ್ರಿ ಚೆನ್ನಾಗಿದ್ದಾಳೆ. ಪ್ರತಿಷ್ಠಾನದವರು ಕಚೇರಿಯ ಹಿಂದೆಯೇ ಎರಡು ಕೋಣೆಯ ಮನೆ ಕೊಟ್ಟಿದ್ದಾರೆ, ನೀರಿಗೆ ಹೊರಗೆ ಹೋಗಬೇಕಿಲ್ಲ.

ಪಟ್ಟಿಯ ವಿಷಯ. ನೀವು ಚಿಂತಿಸಬೇಡಿ. ಒಂದು ಸಾವಿನ ಕಡತ ನಮ್ಮಲ್ಲಿಗೆ ಬರಬೇಕಾದರೆ ಹಳ್ಳಿಯ ಮುಖ್ಯಸ್ಥರ ಮೊಹರು, ಹೆಣ ತೊಳೆದು ಪ್ರಾರ್ಥನೆ ಹೇಳಿಸಿದ ಮೊದಿನ್ ಅವರ ಸಹಿ, ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿ, ಈ ಮೂರೂ ಬೇಕು. ಮೂರೂ ಇಲ್ಲದೆ ಒಂದು ಕಡತವೂ ಮುಂದೆ ಹೋಗುವುದಿಲ್ಲ. ನಮ್ಮ ಕಡೆ ಒಂದೇ ಹೆಸರಿನವರು ಎಷ್ಟೋ ಜನ ಇರುತ್ತಾರೆ. ಮನೆತನದ ಹೆಸರಿಲ್ಲದ ನಮ್ಮಂಥವರಿಗೆ ಇದೊಂದು ತೊಂದರೆ. ಬೇರೆ ಯಾವುದೋ ಕರ್ಸಿ ಇರಬೇಕು.

ಈ ವಿಷಯವನ್ನು ಸದ್ಯಕ್ಕೆ ಬೇರೆ ಯಾರಲ್ಲೂ ಎತ್ತಬೇಡಿ ಎಂದು ನಮ್ರವಾಗಿ ಕೇಳಿಕೊಳ್ಳುತ್ತೇನೆ. ತಪ್ಪು ತಿಳಿವಳಿಕೆ ಬೇಗ ಹರಡುತ್ತದೆ.

ನಿಮ್ಮ ವಿದ್ಯಾರ್ಥಿ,
ವಿದಗ್ದೊ


ವಾತುಜೆನಾರ್
12 ಏಪ್ರಿಲ್ 1995

ಮಗು ವಿದಗ್ದೊ,

ಬೇರೆ ಕರ್ಸಿ ಇಲ್ಲ. ಈ ಹಳ್ಳಿಯಲ್ಲಿ ಇರುವುದು ಒಬ್ಬಳೇ, ಅವಳ ಎಡಗಾಲಿನಲ್ಲಿ ಎರಡು ತಿಂಗಳಿಂದ ಮಾಯದ ಹುಣ್ಣು ಇದೆ. ಸಕ್ಕರೆ ಕಾಯಿಲೆ. ಮೊನ್ನೆ ಕಾಲಿನ ಬೆರಳು ಕಪ್ಪಾದದ್ದು ನೋಡಿ ಸೈಕಲ್ ರಿಕ್ಷಾದಲ್ಲಿ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದೆ. ಬಡವರ ಕಾರ್ಡನ್ನು ಕಿಟಕಿಯಲ್ಲಿ ಕೊಟ್ಟೆ. ನರ್ಸ್ ದಫ್ತರ ತಿರುವಿ ಹಾಕಿದಳು.

"ಈ ಕಾರ್ಡು ರದ್ದಾಗಿದೆ, ಬು. ಇವರು ತೀರಿಕೊಂಡಿದ್ದಾರೆ."

"ಯಾರು?"

"ಇವರೇ." ಹುಡುಗಿ ತಲೆ ಎತ್ತಲಿಲ್ಲ.

ಕರ್ಸಿ ಅಜ್ಜಿ ಕಿಟಕಿಯೊಳಗೆ ಮುಖ ತೂರಿಸಿದಳು. "ಸತ್ತಿರೋದು ನಾನು, ತಾಯಿ. ಈ ಕಾಲು ಇನ್ನೂ ಸತ್ತಿಲ್ಲ. ಅದಕ್ಕೆ ಮಾತ್ರ ಔಷಧಿ ಹಾಕು."

ನನ್ನ ಪಿಂಚಣಿಯಿಂದ ಒಂದು ಸಲ ಕಟ್ಟು ಹಾಕಿಸಿದೆ. ಕಾಲು ಉಳಿಯಬೇಕಾದರೆ ಜಿಲ್ಲಾ ಆಸ್ಪತ್ರೆಗೆ ಸೇರಿಸಬೇಕಂತೆ, ಅಲ್ಲಿ ಕಾರ್ಡಿಲ್ಲದೆ ಒಳಗೇ ಬಿಡುವುದಿಲ್ಲ. ಅಗ್ಗದ ಅಕ್ಕಿಯೂ ನವೆಂಬರಿನಿಂದ ಅವಳಿಗೆ ನಿಂತಿದೆಯಂತೆ. ನಾನು ಕೇಳುವವರೆಗೆ ಹೇಳಿರಲಿಲ್ಲ. ಸರದಿ ತಪ್ಪಿರಬೇಕೆಂದುಕೊಂಡಿದ್ದಳಂತೆ, ಐದು ತಿಂಗಳು.

ಅಲ್ಲಿಂದ ನೇರವಾಗಿ ಪಾ ಲೂರಾ ಮನೆಗೆ ಹೋದೆ. ಹಳ್ಳಿಯ ಮುಖ್ಯಸ್ಥನಾದ ಮೇಲೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಅವನೂ ನನ್ನ ಬಳಿ ಓದಿದವನಲ್ಲವೇ, ನಿನಗಿಂತ ಎಂಟು ವರ್ಷ ಮುಂಚೆ. ಚಹಾ ತರಿಸಿದ, ಕರಿದ ಬಾಳೆಹಣ್ಣು ತರಿಸಿದ. ಎಲ್ಲ ಕೇಳಿಸಿಕೊಂಡ.

"ಕಾಗದದಲ್ಲಿ ಸತ್ತರೆ ಮೈಗೇನು ನೋವಾಗುತ್ತಾ, ಬು ಗುರು?" ಎಂದ.

"ಆಗ್ತಿದೆ, ಪಾ ಲೂರಾ. ಕಾಲಿಗೆ."

ಮೆಲ್ಲಗೆ ನಕ್ಕ. "ನೀವು ಅಕ್ಕಿ ಅಳೀರಿ. ಸಾವು ಅಳೆಯೋದು ನನಗೆ ಬಿಡಿ."

ಅವನು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಮಗು, ಆ ಹನ್ನೊಂದು ಹೆಸರುಗಳನ್ನು ಒಂದೊಂದಾಗಿ ಹುಡುಕಿದೆ. ಆರು ಜನ ಬದುಕಿದ್ದಾರೆ. ಆರೂ ಒಂಟಿ ಮುದುಕಿಯರು, ಮಕ್ಕಳಿಲ್ಲದವರು, ಕೇಳುವವರಿಲ್ಲದವರು. ನಾಲ್ವರು ವಲಸೆ ಯೋಜನೆಯಲ್ಲಿ ಸುಮಾತ್ರಾಕ್ಕೆ ಹೋಗಿ ಹತ್ತು ವರ್ಷವಾದವರು. ಒಂದು ಹೆಸರು ಯಾರದೂ ಅಲ್ಲ. ನಕಲು ಮಾಡುವವನ ಕೈ ಇಷ್ಟು ಹುಡುಕಿ ತಪ್ಪುವುದಿಲ್ಲ. ಇವು ಅಕ್ಕಿ ಬಾರದ ಸಾವುಗಳು, ಯಾರೋ ಕೂತು ಮಾಡಿದವು. ಕರ್ಸಿಯ ಹೆಸರನ್ನು ಮೊದಲು ಬಿಡಿಸು. ಉಳಿದದ್ದು ಆಮೇಲೆ. ಅವಳ ಕಾಲು ಕಾಯುವುದಿಲ್ಲ.

ನಿನ್ನ ಬು ಗುರು


ಸೆಮರಾಂಗ್
23 ಮೇ 1995

ಪೂಜ್ಯ ಬು ಗುರು ಅವರಿಗೆ,

ತಡವಾದದ್ದಕ್ಕೆ ಕ್ಷಮಿಸಿ. ಈ ತಿಂಗಳ ಆರರಂದು ಗಂಡು ಮಗುವಾಯಿತು. ಮಗು, ತಾಯಿ ಇಬ್ಬರೂ ಆರೋಗ್ಯ. ಜೊತೆಗೇ ನನ್ನನ್ನು ಪರಿಶೀಲನಾ ವಿಭಾಗದ ಉಪಮುಖ್ಯಸ್ಥನನ್ನಾಗಿ ಮಾಡಿದ್ದಾರೆ.

ನಿಮ್ಮ ದೂರನ್ನು ತಲುಪಬೇಕಾದ ಸ್ಥಳಕ್ಕೆ ತಲುಪಿಸಿದ್ದೇನೆ. ಇಂಥ ಕೆಲಸಕ್ಕೆ ಸಮಯ ಹಿಡಿಯುತ್ತದೆ.

ಒಂದು ಮಾತು. ನೀವು ಹೇಳಿದ ಹಾಜರಿ ಪುಸ್ತಕ ಒಂದೇ ಪ್ರತಿ ಇದೆಯೇ? ಅದನ್ನು ನೋಂದಾಯಿತ ಅಂಚೆಯಲ್ಲಿ ನನಗೆ ಕಳುಹಿಸಿದರೆ ಕ್ಷೇಮವಾಗಿ ಇಡಬಹುದು. ಇನ್ನು ಮುಂದೆ ಪತ್ರದಲ್ಲಿ ಹೆಸರುಗಳನ್ನು ಬರೆಯದಿರುವುದು ಒಳ್ಳೆಯದು.

ನಿಮ್ಮ ವಿದ್ಯಾರ್ಥಿ,
ವಿದಗ್ದೊ


ವಾತುಜೆನಾರ್
1 ಜೂನ್ 1995

ಮಗು ವಿದಗ್ದೊ,

ಕೂಸಿಗೆ ನನ್ನ ಆಶೀರ್ವಾದ. ಹೆಸರೇನಿಟ್ಟೆ ಎಂದು ಬರೆಯಲೇ ಇಲ್ಲ. ನಿನ್ನ ಬಡ್ತಿಯ ಸುದ್ದಿ ಓದಿ ಮನಸ್ಸು ಹಗುರಾಯಿತು. ಸತ್ಯ ಎತ್ತಿ ಹಿಡಿದವನನ್ನು ಮೇಲೇರಿಸುವ ಸಂಸ್ಥೆ ಪೂರ್ತಿ ಕೆಟ್ಟಿರಲಾರದು ಎಂದು ಕರ್ಸಿಗೂ ಓದಿ ಹೇಳಿದೆ. "ಅವನ ಕುರ್ಚಿ ಮೇಲೆ ಹೋಯ್ತಾ? ನನ್ನ ಕಾರ್ಡು ಎಲ್ಲಿಗೆ ಹೋಯ್ತಂತೆ?" ಎಂದಳು. ಅವಳಿಗೆ ಈಗ ಎರಡು ಬೆರಳಿಲ್ಲ. ಮನೆಯಲ್ಲೇ ಉದುರಿದವು. ನೋವೇ ಇಲ್ಲವಂತೆ. ಅದೇ ಕೆಟ್ಟ ಗುರುತೆಂದು ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು.

ಪುಸ್ತಕವನ್ನು ಕಳುಹಿಸುವುದಿಲ್ಲ. ಕಾರಣವಿದೆ. ಹೋದ ಶುಕ್ರವಾರ ಸಂತೆಯಲ್ಲಿ ಪಾ ಲೂರಾ ಸಿಕ್ಕ. ಅಷ್ಟು ಜನರ ನಡುವೆ ನನ್ನ ಕೈಯಿಂದ ಚೀಲ ತೆಗೆದುಕೊಂಡು ಹೊತ್ತು ನಡೆದ. ಮಗನಂತೆ ನಡೆದ. ನಡೆಯುತ್ತಲೇ, "ಅಕ್ಕಿ ಬಾರದ ಸಾವುಗಳು. ಎಷ್ಟು ಚೆಂದ ಬರೀತೀರಿ ಬು ಗುರು. ಪದ್ಯದ ಹಾಗಿದೆ," ಎಂದ.

ಆ ಮಾತನ್ನು ನಾನು ಬಾಯಲ್ಲಿ ಯಾರಿಗೂ ಆಡಿಲ್ಲ. ನಿನಗೆ ಬರೆದದ್ದು ಮಾತ್ರ. ಅಂಚೆ ಕಚೇರಿಯಲ್ಲಿ ಅವನ ಭಾವಮೈದುನ ಇದ್ದಾನೆ, ಪತ್ರ ಒಡೆಯುತ್ತಾರೆಂದು ಕಾಣುತ್ತದೆ. ಇದನ್ನು ತುಮಿನಿಯ ಕೈಲಿ ಪೇಟೆಯ ಅಂಚೆಗೆ ಹಾಕಿಸುತ್ತಿದ್ದೇನೆ. ತುಮಿನಿ ನೆನಪಿದ್ದಾಳಲ್ಲ, ನನ್ನ ಜೊತೆ ದೊಡ್ಡ ಒಲೆಗೆ ಸೌದೆ ಒಟ್ಟುವವಳು. ಬೇರೆ ಹೆಂಗಸರು ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದಾರೆ. ಕಳೆದ ವಾರ ಒಂದು ಮದುವೆ ಮನೆಯಲ್ಲಿ ಈರುಳ್ಳಿ ಹೆಚ್ಚಲು ಕುಳಿತೆ. ನನ್ನ ಮುಂದಿನ ಬುಟ್ಟಿಯನ್ನು ಮೆಲ್ಲಗೆ ಎತ್ತಿ, "ನೀವು ದಣಿದಿದ್ದೀರಿ ಬು, ಮನೆಗೆ ಹೋಗಿ ಮಲಗಿ," ಎಂದರು. ಬಯ್ದಿದ್ದರೆ ವಾಸಿಯಿತ್ತು.

ನಿನಗೆ ಹೇಳದೆ ಇಟ್ಟ ಒಂದು ಮಾತಿದೆ. ಮೊದಲ ಪತ್ರದಲ್ಲೇ ಬರೆಯಬೇಕಿತ್ತು. ಕೈ ಬರಲಿಲ್ಲ.

ಹೋದ ವರ್ಷದ ಲೆಬಾರನ್ ದಿನ ಪಾ ಲೂರಾ ಹೆಂಡತಿ ಮಕ್ಕಳೊಂದಿಗೆ ಬಂದ. ನನ್ನ ಮೊಣಕಾಲು ಮುಟ್ಟಿ ಕ್ಷಮೆ ಕೇಳಿದ. ಕಣ್ಣಲ್ಲಿ ನೀರೂ ಇತ್ತು. ಎದ್ದು ಹೋಗುವಾಗ ಚೀಲದಿಂದ ಒಂದು ಕಟ್ಟು ಕಾಗದ ತೆಗೆದ. "ವರ್ಷದಲ್ಲಿ ಯಾರಾದ್ರೂ ತೀರಿಕೊಂಡರೆ ಸಾಕ್ಷಿಗೆ ಅಂತ ಪ್ರತಿ ಸಲ ನಿಮಗೆ ತೊಂದರೆ ಕೊಡಬೇಕಾಗುತ್ತೆ ಬು ಗುರು, ಒಟ್ಟಿಗೆ ಸಹಿ ಹಾಕಿಬಿಟ್ಟರೆ ನನಗೊಂದು ಉಪಕಾರ." ಎಲ್ಲ ಖಾಲಿ. ಈಗಷ್ಟೇ ಎಲ್ಲವನ್ನೂ ಮನ್ನಿಸಿದ್ದೇನೆಂದು ತಲೆಯ ಮೇಲೆ ಕೈಯಿಟ್ಟಿದ್ದೆ. ಆ ಕೈಯಿಂದಲೇ ಇಲ್ಲವೆನ್ನುವುದು ಹೇಗೆ? ಬಾಗಿಲಲ್ಲಿ ಮುಂದಿನ ಮನೆಯವರು ಕಾಯುತ್ತಿದ್ದರು. ಸಹಿ ಹಾಕಿದೆ. ಇಪ್ಪತ್ತು ಇರಬಹುದು, ಹೆಚ್ಚೂ ಇರಬಹುದು.

ಈಗ ಹೇಳು, ನಾನು ಯಾರ ಮೇಲೆ ದೂರು ಕೊಡುತ್ತಿದ್ದೇನೆ?

ವುರ್ಯಾನಿ


ಸೆಮರಾಂಗ್
9 ಜೂನ್ 1995

ಬು ಗುರು,

ಇದನ್ನು ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ, ಕಚೇರಿಯಲ್ಲಲ್ಲ.

ನನಗೆ ಗೊತ್ತಿತ್ತು. ನಮ್ಮ ಕಡೆಯ ಹಳ್ಳಿಗಳ ಕಡತಗಳನ್ನು ಮೂರು ವರ್ಷದಿಂದ ನೋಡುವವನು ನಾನೇ. ಮೊದಲ ಸಲ ಸಾಕ್ಷಿಯ ಜಾಗದಲ್ಲಿ ನಿಮ್ಮ ಸಹಿ ಕಂಡ ದಿನ ಎಷ್ಟು ಖುಷಿಯಾಯಿತೆಂದರೆ ಪಕ್ಕದವನಿಗೆ ತೋರಿಸಿದೆ. ಅಲ್ಲಿಂದ ಮುಂದೆ ವಾತುಜೆನಾರ್‌ನ ಕಡತವೆಂದರೆ ಕೆಳಗಿನ ಸಹಿ ನೋಡಿ ನನ್ನ ಮೊಹರು ಒತ್ತುತ್ತಿದ್ದೆ. ಮೇಲೆ ಬರೆದದ್ದನ್ನು ಓದುತ್ತಿರಲಿಲ್ಲ. ನಿಮ್ಮ ಸಹಿಯ ಮೇಲಿನದನ್ನು ಪರೀಕ್ಷಿಸುವುದು ನಿಮಗೇ ಅವಮಾನವೆಂದು ತೋರುತ್ತಿತ್ತು.

ಈಗ ಓದಿದ್ದೇನೆ. ಆ ಹನ್ನೊಂದು ಕಡತಗಳೂ ಚೊಕ್ಕಟ. ನಿಜವಾದ ಸಾವಿನ ಕಾಗದ ಹಾಗಿರುವುದಿಲ್ಲ ಬು ಗುರು. ಅದರಲ್ಲಿ ಬೆವರಿನ ಬೆರಳಚ್ಚು ಇರುತ್ತದೆ, ಚಹಾದ ಕಲೆ ಇರುತ್ತದೆ, ದಿನಾಂಕವನ್ನು ಹೊಡೆದು ತಿದ್ದಿರುತ್ತಾರೆ. ಇವು ಹನ್ನೊಂದಕ್ಕೂ ಒಂದೇ ನೀಲಿ ಶಾಯಿ. ಹಣ ಪಡೆದ ಹನ್ನೊಂದು ಜನರೂ ಸತ್ತವರ ಅಣ್ಣನ ಮಕ್ಕಳು. ಸತ್ತವರಲ್ಲಿ ಒಬ್ಬರಿಗೂ ಮಗನಿಲ್ಲ, ಮಗಳಿಲ್ಲ. ಬೇರೆ ಹಳ್ಳಿಗಳ ಕಡತಗಳನ್ನೂ ತೆಗೆದೆ. ಅವುಗಳ ಬಗ್ಗೆ ಬರೆಯುವುದಿಲ್ಲ.

ನಿಮ್ಮ ಮೊದಲ ಪತ್ರ ಬಂದಾಗ ನೀವೂ ಇದರಲ್ಲಿ ಸೇರಿದ್ದೀರಿ, ಪಾಲಿನಲ್ಲಿ ಏನೋ ಜಗಳವಾಗಿದೆ, ನನ್ನನ್ನು ಮುಂದೆ ತಳ್ಳುತ್ತಿದ್ದೀರಿ ಎಂದುಕೊಂಡೆ. ಹಾಗೆ ಯೋಚಿಸಿದ ತಲೆ ಇದೇ. ಹೆದರಿದ್ದೆ.

ಅಂಚೆಯವರನ್ನು ದೂರಬೇಡಿ. ಅವರು ನಿಮ್ಮ ಪತ್ರ ಒಡೆದಿಲ್ಲ.

ವಿದಗ್ದೊ


ವಾತುಜೆನಾರ್
27 ಜೂನ್ 1995

ವಿದಗ್ದೊ,

ನಿನ್ನ ಕೊನೆಯ ಸಾಲನ್ನು ಎರಡು ದಿನ ಓದಿದೆ. ಅದಕ್ಕೆ ಉತ್ತರ ಆಮೇಲೆ.

ಕರ್ಸಿ ಶನಿವಾರ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ತೀರಿಕೊಂಡಳು. ಹಿಂದಿನ ದಿನ ಸಂಜೆ ಜ್ವರದಲ್ಲಿ, "ಬು ಗುರು, ಸತ್ತೋಳು ನಾನು, ನೀವ್ಯಾಕೆ ಸೊರಗ್ತಿದೀರಿ?" ಎಂದು ತಮಾಷೆ ಮಾಡಿದ್ದಳು.

ತುಮಿನಿ, ನಾನು, ಇನ್ನಿಬ್ಬರು ಸೇರಿ ಮೈ ತೊಳೆದೆವು. ಬಿಳಿ ಬಟ್ಟೆ ಸುತ್ತಿದೆವು. ಮೊದಿನ್ ಬಂದು ಹೊಸ್ತಿಲಲ್ಲೇ ನಿಂತರು.

"ನನ್ನ ಪುಸ್ತಕದಲ್ಲಿ ಇವರನ್ನ ನವೆಂಬರಲ್ಲೇ ಹೂತಿದೀನಿ, ಬು. ಎರಡನೇ ಸಲ ಏನಂತ ಬರೀಲಿ?"

"ಬರೀಬೇಡಿ. ಪ್ರಾರ್ಥನೆ ಮಾತ್ರ ಹೇಳಿಸಿ."

"ಬರೀದೆ ಸ್ಮಶಾನದ ಗೇಟು ತೆಗೆಯಬಾರದು ಅಂತ ಪಾ ಲೂರಾ ಹೇಳಿದಾರೆ." ಆ ಮನುಷ್ಯ ಅಳುತ್ತಿದ್ದರು. ಆರು ಮಕ್ಕಳ ತಂದೆ.

ಹನ್ನೊಂದು ಗಂಟೆಗೆ ಪಾ ಲೂರಾ ತಾನೇ ಬಂದ. ಹೆಣದ ಪಕ್ಕ ಕುಳಿತು, ಕೈ ಎತ್ತಿ, ಪ್ರಾರ್ಥನೆ ಮಾಡಿದ. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದ. ಕಾಗದ ಸಿದ್ಧವಾಗಿಯೇ ಇತ್ತು. ಸತ್ತವರ ಹೆಸರು ಸಾಕಿಯೆಮ್ ಎಂದು ಬರೆದಿತ್ತು. ಸುಮಾತ್ರಾಕ್ಕೆ ಹೋದವರ ಪೈಕಿ ಒಬ್ಬಳು ಅವಳು, ಇಲ್ಲಿಯ ಕಾಗದಗಳಲ್ಲಿ ಇದುವರೆಗೆ ಸಾಯದೆ ಉಳಿದವಳು.

"ಒಂದು ಸಹಿ, ಬು ಗುರು. ಮಧ್ಯಾಹ್ನದೊಳಗೆ ಮಣ್ಣು."

"ಇವಳು ಕರ್ಸಿ."

"ಮಣ್ಣಿಗೆ ಹೆಸರು ಬೇಕಾಗಿಲ್ಲ. ಗೇಟಿಗೆ ಬೇಕು."

ಬಿಸಿಲೇರಿತ್ತು. ಅವಳ ಕಾಲು ಬದುಕಿದ್ದಾಗಲೇ ಹೇಗಿತ್ತೆಂದು ನಿನಗೆ ಬರೆದಿದ್ದೇನೆ. ಒಳಗೆ ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡು, ಯಾರೂ ಹಾಗೆ ಮಾಡುತ್ತಿಲ್ಲವೆಂಬಂತೆ ಕುಳಿತಿದ್ದರು. ಎಪ್ಪತ್ತು ವರ್ಷ ಯಾರಿಗೂ ಭಾರವಾಗಬಾರದೆಂದು ಬದುಕಿದವಳು ಅವಳು. ಆ ಕೋಣೆಯಲ್ಲಿ ಅವಳನ್ನು ಇನ್ನೊಂದು ಗಂಟೆ ಇಡಲು ನನ್ನಿಂದ ಆಗಲಿಲ್ಲ.

ಸಹಿ ಹಾಕಿದೆ. ಇದು ಖಾಲಿ ಕಾಗದವಲ್ಲ. ಓದಿ, ತಿಳಿದು, ಹಾಕಿದೆ. ಮೇಲೆ ಬರೆದದ್ದು ಸುಳ್ಳೆಂದು ಗೊತ್ತಿದ್ದೇ ಹಾಕಿದೆ.

ಸಂಜೆ ನಾನು ಯಾರನ್ನೂ ಕರೆಯಲಿಲ್ಲ. ಆದರೂ ಬಂದರು. ದಾರಿ ಬದಲಿಸುತ್ತಿದ್ದವರೂ ಹಿತ್ತಲ ಕಡೆಯಿಂದ ಬಂದು ಬಟ್ಟಲಿಟ್ಟು ಹೋದರು. ಮೂವತ್ತನಾಲ್ಕು ಬಟ್ಟಲು ಅಕ್ಕಿ. ಪುಸ್ತಕದಲ್ಲಿ ಕರ್ಸಿ ಎಂದೇ ಬರೆದೆ. ಊರಿನ ಎಲ್ಲ ಕಾಗದಗಳಲ್ಲಿ ಅವಳು ಈಗ ಅವಳಾಗಿರುವುದು ಆ ಒಂದು ಪುಟದಲ್ಲಿ ಮಾತ್ರ.

ವುರ್ಯಾನಿ


ಸೆಮರಾಂಗ್
10 ಜುಲೈ 1995

ಬು ಗುರು,

ಪ್ರಾಂತ್ಯದ ತನಿಖಾಧಿಕಾರಿಗಳು ಬಂದಿದ್ದಾರೆ. ಯಾವುದೋ ಹಳ್ಳಿಯಿಂದ ಪತ್ರಿಕೆಗೆ ಯಾರೋ ಬರೆದಿದ್ದಾರಂತೆ. ನಮ್ಮ ನಿರ್ದೇಶಕರು ಅವರಿಗೆ ಊಟ ಹಾಕಿಸಿ, ಬೇಕಾದ ಕಡತಗಳನ್ನು ತಾವೇ ಆರಿಸಿ ಕೊಟ್ಟರು. ಎಲ್ಲವೂ ವಾತುಜೆನಾರ್‌ನವು. ಎಲ್ಲದರಲ್ಲೂ ನಿಮ್ಮ ಸಹಿ. ಮೇಲೆ ಸಾಕಿಯೆಮ್‌ಳ ಕಡತ.

ಹಳ್ಳಿಯ ನಿವೃತ್ತ ಶಿಕ್ಷಕಿಯೊಬ್ಬರು ಸುಳ್ಳು ಸಾಕ್ಷಿ ಹೇಳಿ ಪ್ರತಿಷ್ಠಾನವನ್ನೂ ಮುಖ್ಯಸ್ಥರನ್ನೂ ಮೋಸಗೊಳಿಸಿದ್ದಾರೆ. ಹೀಗೆ ಬರೆದುಕೊಳ್ಳುತ್ತಿದ್ದಾರೆ. ನಿಮ್ಮ ಏಪ್ರಿಲ್ ತಿಂಗಳ ಪತ್ರವನ್ನೂ ಸೇರಿಸಿದ್ದಾರೆ. ಸಿಕ್ಕಿಬೀಳುವ ಭಯದಿಂದ ಮುಂಚಿತವಾಗಿ ಬೇರೆಯವರ ಮೇಲೆ ಹೊರಿಸಿ ಬರೆದ ಪತ್ರವೆಂದು.

24ರಂದು ನನ್ನನ್ನು ಕರೆದಿದ್ದಾರೆ. ಕೇಳುವುದು ಒಂದೇ ಪ್ರಶ್ನೆಯಂತೆ, ನಿರ್ದೇಶಕರು ಮೊದಲೇ ಹೇಳಿದರು. ನೀನು ಅವರ ವಿದ್ಯಾರ್ಥಿ. ಇದು ಅವರ ಕೈಬರಹ ಹೌದೋ ಅಲ್ಲವೋ?

ಹೇಳುವಾಗ ಅವರು ನನ್ನ ಮಗನನ್ನು ಎತ್ತಿಕೊಂಡಿದ್ದರು. ಮನೆಗೆ ಬಂದಿದ್ದರು. "ಈ ಮನೆ ಗಾಳಿ ಬೆಳಕು ಚೆನ್ನಾಗಿದೆ ಅಲ್ವಾ?" ಎಂದರು ಲಸ್ತ್ರಿಗೆ.

ನಾನು ಏನು ಹೇಳಲಿ?

ವಿದಗ್ದೊ


ವಾತುಜೆನಾರ್
14 ಜುಲೈ 1995

ಮಗು ವಿದಗ್ದೊ,

ಹೌದು ಎಂದು ಹೇಳು. ಅದು ನನ್ನ ಕೈಬರಹವೇ. ನನಗಾಗಿ ನೀನು ಸುಳ್ಳು ಹೇಳಿದರೆ ಅದೂ ಅವರ ಕಡತಕ್ಕೇ ಸೇರುತ್ತದೆ.

ಹೌದು ಎಂದ ಮೇಲೆ ಕುರ್ಚಿಯಿಂದ ಏಳಬೇಡ. ಅವರು ಕೇಳದ ಪ್ರಶ್ನೆಗಳಿಗೂ ಉತ್ತರ ಹೇಳು. ಮೇಲಿನ ನೀಲಿ ಶಾಯಿ ಯಾರದು. ಆ ಅಣ್ಣನ ಮಕ್ಕಳು ಯಾರು. ಬೇರೆ ಹಳ್ಳಿಗಳ ಕಡತಗಳಲ್ಲಿ ಏನು ಕಂಡೆ. ನನ್ನ ಪತ್ರ ನಿನ್ನ ಕೈಯಿಂದ ಯಾರ ಕೈಗೆ ಹೋಯಿತು. ಕೊನೆಯದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ. ತಡವರಿಸಲಿ. ತಡವರಿಸಿ ಹೇಳಿದ್ದನ್ನೂ ಬರೆದುಕೊಳ್ಳುತ್ತಾರೆ.

ಇನ್ನೂ ಐದು ಮುದುಕಿಯರು ಕಾಗದದಲ್ಲಿ ಸತ್ತು ಇಲ್ಲಿ ಹಸಿದುಕೊಂಡಿದ್ದಾರೆ. ನನಗೆ ವಯಸ್ಸಾಗಿದೆ, ಜೈಲಿನಲ್ಲೂ ಅನ್ನ ಕೊಡುತ್ತಾರೆ. ಅವರಿಗೆ ಕೊಡುವವರಿಲ್ಲ. ಮನೆ ಹೋದರೆ ಲಸ್ತ್ರಿ, ಕೂಸು, ನೀನು ಇಲ್ಲಿಗೆ ಬನ್ನಿ. ನನ್ನ ಮನೆಯ ಎರಡು ಕೋಣೆಗೂ ಕಿಟಕಿ ಇದೆ. ನೀರಿಗೆ ಮಾತ್ರ ಹೊರಗೆ ಹೋಗಬೇಕು.

ಕೂಸಿನ ಹೆಸರು ಇನ್ನೂ ಬರೆದಿಲ್ಲ ನೀನು.

ನಿನ್ನ ಬು ಗುರು


ಪಾಯುಂಗ್ ಕಾಸಿಹ್ ಪ್ರತಿಷ್ಠಾನ
ಪರಿಶೀಲನಾ ವಿಭಾಗ, ಸೆಮರಾಂಗ್
2 ಆಗಸ್ಟ್ 1995

ಇವರಿಗೆ,
ಶ್ರೀಮತಿ ವುರ್ಯಾನಿ, ನಿವೃತ್ತ ಶಿಕ್ಷಕಿ, ವಾತುಜೆನಾರ್

ವಿಷಯ: ಸಾವಿನ ನೆರವಿನ ಕಡತಗಳಲ್ಲಿ ಸುಳ್ಳು ಸಾಕ್ಷ್ಯ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಜುಲೈ 24ರಂದು ನಡೆದ ವಿಚಾರಣೆಯಲ್ಲಿ ಹದಿನೆಂಟು ಕಡತಗಳಲ್ಲಿನ ಸಹಿಗಳು ತಮ್ಮವೇ ಎಂದು ದೃಢಪಟ್ಟಿರುತ್ತದೆ. ಬೇರೆ ಯಾವುದೇ ಅಂಶ ವಿಚಾರಣೆಯ ಗಮನಕ್ಕೆ ಬಂದಿರುವುದಿಲ್ಲ.

ತಾವು ಆಗಸ್ಟ್ 10, ಗುರುವಾರ ಜಿಲ್ಲಾ ಕಚೇರಿಯಲ್ಲಿ ಹಾಜರಾಗತಕ್ಕದ್ದು. ಬರುವಾಗ ತಮ್ಮ ಬಳಿ ಇರುವ ಅನಧಿಕೃತ ಹಾಜರಿ ಪುಸ್ತಕವನ್ನೂ, ಈ ಪ್ರತಿಷ್ಠಾನದ ಸಿಬ್ಬಂದಿಯಿಂದ ತಮಗೆ ಬಂದಿರುವ ಎಲ್ಲ ಪತ್ರಗಳ ಮೂಲ ಪ್ರತಿಗಳನ್ನೂ ತರತಕ್ಕದ್ದು. ನಕಲು ಇಟ್ಟುಕೊಳ್ಳತಕ್ಕದ್ದಲ್ಲ. ತಮ್ಮ ಪ್ರಯಾಣಕ್ಕೆ ಹಳ್ಳಿಯ ಮುಖ್ಯಸ್ಥರು ವಾಹನದ ವ್ಯವಸ್ಥೆ ಮಾಡುತ್ತಾರೆ.

ಇಂತಿ,
ವಿದಗ್ದೊ
ಮುಖ್ಯಸ್ಥ, ಪರಿಶೀಲನಾ ವಿಭಾಗ


ವಾತುಜೆನಾರ್
9 ಆಗಸ್ಟ್ 1995

ಮಗು ವಿದಗ್ದೊ,

ನಿನ್ನ ನೋಟೀಸು ತಲುಪಿತು. ಒಂದು ತಪ್ಪೂ ಇಲ್ಲ. ಉಪಮುಖ್ಯಸ್ಥ ಎಂಬಲ್ಲಿ ಮುಖ್ಯಸ್ಥ ಎಂದಾಗಿರುವುದನ್ನೂ ನೋಡಿದೆ.

ನಾನು ಸಿಟ್ಟಾಗಿಲ್ಲ. ಎರಡು ಕೋಣೆಯ ಮನೆಯಲ್ಲಿ ಮೂರು ತಿಂಗಳ ಕೂಸನ್ನು ಮಲಗಿಸಿ ಬಂದವನು ಆ ಕುರ್ಚಿಯಲ್ಲಿ ಕುಳಿತಿದ್ದನೆಂದು ಗೊತ್ತು. ಇಲ್ಲವೆನ್ನಲಾಗದ ಗಳಿಗೆ ಹೇಗಿರುತ್ತದೆಂದು ನಿನಗೆ ನಾನು ಹೇಳಿಕೊಡಬೇಕಿಲ್ಲ, ನನಗೆ ನೀನೂ. ಇಬ್ಬರೂ ಒಂದೇ ಪಾಠ ಓದಿದವರು.

ಹೋದ ಬುಧವಾರ, ನೀನು ನೋಟೀಸು ಬರೆದ ದಿನವೇ, ಕರ್ಸಿಯ ನಲವತ್ತನೆಯ ದಿನ. ಇಪ್ಪತ್ತು ಹೆಂಗಸರು ಬಂದಿದ್ದರು. ಅನ್ನ ಬೇಯುವವರೆಗೆ ಹಾಜರಿ ಪುಸ್ತಕವನ್ನು ಮೊದಲಿಂದ ಓದಿದೆ. ಸತ್ತವರ ಹೆಸರು, ಬಂದ ಬಟ್ಟಲು. ಆಮೇಲೆ ಗೋಡೆಯ ಪಟ್ಟಿಯಲ್ಲಿದ್ದ ಹನ್ನೊಂದು ಹೆಸರು ಓದಿದೆ. ಆಮೇಲೆ ನಿನ್ನ ಪತ್ರಗಳನ್ನೂ ಓದಿದೆ. ಎಲ್ಲವನ್ನೂ. ಕ್ಷಮಿಸು. ಓದು ಬಾರದವರು ಹೆಚ್ಚು, ಅದಕ್ಕೇ ಅವರ ನೆನಪು ಗಟ್ಟಿ. ತುಮಿನಿ ಈಗ ನೀಲಿ ಶಾಯಿ, ಅಣ್ಣನ ಮಕ್ಕಳು ಎಂದು ಮಂತ್ರದ ಹಾಗೆ ಹೇಳುತ್ತಾಳೆ. ಪುಸ್ತಕ ಕೇಳಿದರೆ ಕೊಡುತ್ತೇನೆ.

ಇವತ್ತು ಮಧ್ಯಾಹ್ನ ಪಾ ಲೂರಾ ಬಂದಿದ್ದ. ಸ್ವಾತಂತ್ರ್ಯದ ಐವತ್ತನೇ ವರ್ಷಕ್ಕೆಂದು ಊರಿನ ಬೇಲಿಗಳಿಗೆಲ್ಲ ಸುಣ್ಣ ಹೊಡೆಸುತ್ತಿದ್ದಾನೆ, ನನ್ನ ಬೇಲಿಗೆ ತಾನೇ ನಿಂತು ಹೊಡೆಸಿದ.

"ನಾಳೆ ಒಂಬತ್ತಕ್ಕೆ ಜೀಪು ಕಳಿಸ್ತೀನಿ, ಬು ಗುರು."

"ಬೇಡ. ಬಸ್ಸಲ್ಲಿ ಹೋಗ್ತೀನಿ."

"ಬಸ್ಸು ನಾಳೆ ಈ ಕಡೆ ಬರಲ್ಲ."

"ಯಾಕೆ?"

"ಬರಲ್ಲ," ಎಂದ, ಅದೇ ಮೆಲ್ಲನೆಯ ದನಿಯಲ್ಲಿ. ಹೋಗುವಾಗ ಬಾಗಿ ನನ್ನ ಕೈಯನ್ನು ಹಣೆಗೆ ಒತ್ತಿಕೊಂಡ. ಯಾವ ಹಬ್ಬವೂ ಇರಲಿಲ್ಲ.

ತುಮಿನಿ ನನ್ನ ಜೊತೆ ಬರುತ್ತೇನೆಂದಳು. ಬೇಡವೆಂದೆ. ಅವಳು ಇಲ್ಲಿರಬೇಕು.

10ನೇ ತಾರೀಖು, ಬೆಳಿಗ್ಗೆ

ಇದನ್ನು ಮುಗಿಸಲು ಎದ್ದೆ. ಜೀಪು ಆಗಲೇ ಬಂದಿದೆ. ಗಂಟೆ ಇನ್ನೂ ಆರಾಗಿಲ್ಲ. ಓಡಿಸುವವನು ನಮ್ಮ ಊರಿನವನಲ್ಲ. ಹಿಂದೆ ಇಬ್ಬರು ಕುಳಿತಿದ್ದಾರೆ, ಅವರೂ ಅಲ್ಲ. ಚಹಾ ಕುಡಿಯುತ್ತೀರಾ ಎಂದು ಕೇಳಿದೆ. ಬೇಡವೆಂದರು. ಒಬ್ಬ ಕೈಯಲ್ಲಿದ್ದ ಚೀಟಿ ನೋಡಿ ನನ್ನ ಹೆಸರು ಓದಿದ, ನಾನು ಹೌದೆಂದೆ.

ತುಮಿನಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಾಳೆ. ಈ ಕಾಗದವನ್ನು ಅವಳ ಕೈಗೆ ಕೊಡುತ್ತೇನೆ.

ಅವರು ಎಂಜಿನ್ ನಿಲ್ಲಿಸಿಲ್ಲ.

ನಿನ್ನ ಬು ಗುರು,
ವುರ್ಯಾನಿ